ಎರಡು ದಿನದ ಬೆಂಗಳೂರು, ಗಡಿಯಾರದ ಲೆಕ್ಕದಲ್ಲಿ

ಕಳೆದ ಚಳಿಗಾಲದಲ್ಲಿ ನನ್ನ ಅಕ್ಕನ ಮಗಳು ಎರಡು ದಿನದ ಮಟ್ಟಿಗೆಂದು ಸಾಗರದಿಂದ ಬೆಂಗಳೂರಿಗೆ ಬಂದಿದ್ದಳು. ಇತಿಹಾಸದಲ್ಲಿ ಎಂ.ಎ. ಓದುತ್ತಿರುವ ಹುಡುಗಿ, ಹೊರಡುವ ವಾರ ಮುಂಚೆಯೇ ನೋಡಬೇಕಾದ ಸ್ಥಳಗಳ ಪಟ್ಟಿಯೊಂದನ್ನು ನನ್ನ ಮೊಬೈಲಿಗೆ ಕಳಿಸಿದ್ದಳು. ಎಣಿಸಿ ನೋಡಿದೆ, ಇಪ್ಪತ್ತಮೂರು ಇದ್ದವು. ಬನ್ನೇರುಘಟ್ಟದ ಹುಲಿ, ಅರಮನೆ, ಟಿಪ್ಪುವಿನ ಬೇಸಿಗೆ ಅರಮನೆ, ಮೂರು ಮಾಲ್, ನಂದಿಬೆಟ್ಟದ ಸೂರ್ಯೋದಯ, ಅದೇ ದಿನ ಲಾಲ್‌ಬಾಗಿನ ಸೂರ್ಯಾಸ್ತ. ನಕ್ಷೆಯ ಮೇಲೆ ಇವೆಲ್ಲ ಒಂದಕ್ಕೊಂದು ಅಂಗೈ ಅಗಲದ ದೂರದಲ್ಲೇ ಕಾಣುತ್ತವೆ ಎಂಬುದರಲ್ಲಿ ಅವಳ ತಪ್ಪೇನೂ ಇರಲಿಲ್ಲ.

ನಮ್ಮೂರ ಕಡೆ ದಾರಿ ಕೇಳಿದರೆ ಜನ ದೂರವನ್ನು ಮೈಲಿಯಲ್ಲೋ, ಕೂಗಳತೆಯಲ್ಲೋ, ಇಲ್ಲವೇ 'ಇಲ್ಲೇ' ಎಂಬ ಅತ್ಯಂತ ಅಪಾಯಕಾರಿ ಪದದಲ್ಲೋ ಹೇಳುತ್ತಾರೆ. ಬೆಂಗಳೂರಿನಲ್ಲಿ ಹಳಬರನ್ನು ಕೇಳಿ ನೋಡಿ, ಉತ್ತರದ ಬದಲು ಮರುಪ್ರಶ್ನೆ ಬರುತ್ತದೆ: "ಎಷ್ಟು ಹೊತ್ತಿಗೆ ಹೊರಡ್ತೀರಿ?" ಈ ಮರುಪ್ರಶ್ನೆಯಲ್ಲಿ ಪ್ರವಾಸದ ಇಡೀ ಶಾಸ್ತ್ರ ಅಡಗಿದೆ ಎಂಬುದನ್ನು ನಾನು ಕಲಿತದ್ದು ಕಷ್ಟಪಟ್ಟು. ಕೆಲವು ವರ್ಷಗಳ ಹಿಂದೆ ಇವಳ ಅಣ್ಣ ಬಂದಿದ್ದಾಗ, ಬಂದ ಹುಡುಗ ಎಲ್ಲವನ್ನೂ ನೋಡಲಿ ಎಂಬ ಉತ್ಸಾಹದಲ್ಲಿ ಶುಕ್ರವಾರ ಸಂಜೆ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟಿದ್ದೆ. ಡೈರಿ ವೃತ್ತದ ಬಳಿ ನಲವತ್ತು ನಿಮಿಷ ನಿಂತೆವು. ಅಲ್ಲಿದ್ದ ಫಲಕಗಳೆಲ್ಲ ಅವನಿಗೆ ಬಾಯಿಪಾಠವಾದವು; ಊರಿಗೆ ಹೋದ ಮೇಲೆ ಬೆಂಗಳೂರಿನ ಬಗ್ಗೆ ಅವನು ವಿಸ್ತಾರವಾಗಿ ವರ್ಣಿಸಿದ್ದು ಆ ಫಲಕಗಳನ್ನೇ ಎಂದು ಅಕ್ಕ ಫೋನಿನಲ್ಲಿ ಹೇಳಿದಳು.

ಆದ್ದರಿಂದ ಈ ಸಲ ಸ್ಥಳಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು, ಹೊತ್ತುಗಳ ಪಟ್ಟಿ ಮಾಡಿದೆ. ನಂದಿಬೆಟ್ಟ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದು ಎಂಬ ತಾಂತ್ರಿಕ ಕಾರಣ ಕೊಟ್ಟು ಅದನ್ನು ಹೊಡೆದುಹಾಕಿದೆ. ಮಾಲ್ ಶಿವಮೊಗ್ಗಕ್ಕೂ ಬಂದಿದೆ. ಹುಲಿಗೆ ಒಂದು ಇಡೀ ದಿನ ಬೇಕು. ಹೀಗೆ ಕಳೆಯುತ್ತ ಹೋದಂತೆ ಪಟ್ಟಿ ಆರೇಳಕ್ಕೆ ಇಳಿಯಿತು, ಹುಡುಗಿಯ ಮುಖವೂ ಇಳಿದಿರಬೇಕು, ಫೋನಿನಲ್ಲಿ ಕಾಣಲಿಲ್ಲ.

ಅವಳ ವೇಗದೂತ ಬಸ್ಸು ಶನಿವಾರ ಬೆಳಗಿನ ಜಾವ ನಾಲ್ಕೂವರೆಗೆ ಮೆಜೆಸ್ಟಿಕ್ಕಿಗೆ ಬಂತು. ಅತಿಥಿಯನ್ನು ಆ ಹೊತ್ತಿನಲ್ಲಿ ಮನೆಗೆ ಕರೆದೊಯ್ದು ಮಲಗಿಸುವುದು ಸಂಪ್ರದಾಯ. ನಾನು ಅವಳನ್ನು ನೇರವಾಗಿ ಕೆ.ಆರ್. ಮಾರುಕಟ್ಟೆಗೆ ಕರೆದೊಯ್ದೆ. ಬೆಂಗಳೂರು ತನ್ನ ಒಳ್ಳೆಯ ಹೊತ್ತುಗಳನ್ನು ನಿದ್ದೆಗೆಟ್ಟವರಿಗೆ ಮಾತ್ರ ಕೊಡುವ ಊರು, ಆ ಹೊತ್ತುಗಳಲ್ಲೆಲ್ಲ ಮೊದಲನೆಯದು ಇದು. ಐದು ಗಂಟೆಗೆ ಅಲ್ಲಿ ಸೇವಂತಿಗೆ, ಚೆಂಡುಹೂವು, ಸುಗಂಧರಾಜಗಳು ಗೋಣಿಚೀಲ ಬಿಚ್ಚಿದಲ್ಲೇ ರಾಶಿಯಾಗಿ ಸುರಿದಿರುತ್ತವೆ. ಬಿಡಿಹೂವು ಕೆಜಿ ಲೆಕ್ಕದಲ್ಲಿ, ಕಟ್ಟಿದ ಹೂವು ಮಾರು ಲೆಕ್ಕದಲ್ಲಿ ಕೈ ಬದಲಾಗುತ್ತದೆ. ಮಾರು ಅಳೆಯುವ ಹೆಂಗಸು ದಾರದ ತುದಿಯನ್ನು ಬೆರಳಿಗೆ ಸಿಕ್ಕಿಸಿ ಎರಡೂ ತೋಳುಗಳನ್ನು ಒಮ್ಮೆ ಚಾಚಿ ಮಡಿಸುವ ವೇಗ ಎಷ್ಟೆಂದರೆ, ಗಿರಾಕಿಗೆ ತಕರಾರು ತೆಗೆಯಲು ಎಡೆಯೇ ಸಿಗುವುದಿಲ್ಲ. ತಲೆಯ ಮೇಲೆ ಮೂಟೆ ಹೊತ್ತವರು "ಸೈಡ್, ಸೈಡ್" ಎನ್ನುತ್ತ ನುಗ್ಗಿ ಬರುವಾಗ ದಾರಿ ಬಿಡುವುದೊಂದೇ ಅಲ್ಲಿ ಪಾಲಿಸಬೇಕಾದ ಶಿಷ್ಟಾಚಾರ. ಮೇಲಂತಸ್ತಿನ ಕಟಾಂಜನದ ಪಕ್ಕ ನಿಂತು ಕೆಳಗೆ ನೋಡಿದಾಗ ಹುಡುಗಿ ಫೋಟೋ ತೆಗೆಯಲು ಮರೆತು ಸುಮ್ಮನೆ ನಿಂತಳು. ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂದಾಗ ಈ ಪೇಟೆಯ ಜನ ಹೀಗೇ ಬಾಯಿಬಿಟ್ಟು ನಿಂತಿರಬಹುದು ಎಂದು ನಾನು ಹೇಳಿದೆ. ಅವಳಿಗೆ ಆಗ ಇದ್ದದ್ದು ಬೇರೆ ಚಿಂತೆ: "ಮಾಮ, ನನ್ನ ಬಿಳಿ ಶೂ!" ಹೂವಿನ ನೀರು, ಕೊಳೆತ ಎಲೆ, ಹಿಂದಿನ ರಾತ್ರಿಯ ಮಣ್ಣು ಸೇರಿ ಶೂ ಸೇವಂತಿಗೆಯ ಬಣ್ಣಕ್ಕೆ ತಿರುಗಿತ್ತು. ಮಾರುಕಟ್ಟೆಗೆ ಹೋಗುವವರು ಹವಾಯಿ ಚಪ್ಪಲಿ ಹಾಕಿಕೊಂಡು ಹೋಗಬೇಕು ಎಂಬುದನ್ನು ಯಾವ ಪ್ರವಾಸಿ ಕೈಪಿಡಿಯೂ ಹೇಳುವುದಿಲ್ಲ, ಮಾವಂದಿರೂ ಮರೆಯುತ್ತಾರೆ.

ಅಲ್ಲಿಂದ ಗಾಂಧಿ ಬಜಾರಿಗೆ ಬಸ್ಸು. 2023ರ ಜೂನಿನಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾದ್ದರಿಂದ, ಅವಳು ಆಧಾರ್ ತೋರಿಸಿ ಶೂನ್ಯ ದರದ ಟಿಕೆಟ್ ಪಡೆದು ಕಿಟಕಿ ಪಕ್ಕ ಕುಳಿತಳು. ನಾನು ಚಿಲ್ಲರೆಗಾಗಿ ಜೇಬು ತಡಕುತ್ತ ನಿಂತೆ. ವಿದ್ಯಾರ್ಥಿ ಭವನದ ಬಾಗಿಲು ತೆರೆದು ಹೆಚ್ಚು ಹೊತ್ತಾಗಿರಲಿಲ್ಲ. 1943ರಿಂದ ನಡೆಯುತ್ತಿರುವ ಈ ಹೋಟೆಲಿನಲ್ಲಿ ಶನಿವಾರ ಒಂಬತ್ತರ ಮೇಲೆ ಹೋದವರು ದೋಸೆಗಿಂತ ಹೆಚ್ಚು ಹೊತ್ತು ಬಾಗಿಲನ್ನು ನೋಡಬೇಕಾಗುತ್ತದೆ. ಬೇಗ ಹೋದವರಿಗೆ ಸಿಗುವ ದೃಶ್ಯ ಬೇರೆ. ಬಡಿಸುವವರು ಅಂಗೈಯಿಂದ ತೋಳಿನವರೆಗೆ ಹತ್ತಾರು ತಟ್ಟೆಗಳನ್ನು ಒಂದರ ಮೇಲೊಂದು ಇಳಿಜಾರಾಗಿ ಜೋಡಿಸಿಕೊಂಡು, ಮೇಜುಗಳ ಸಂದಿಯಲ್ಲಿ ಓರೆಯಾಗಿ ತೂರಿ, ಇನ್ನೊಂದು ಕೈಯಿಂದ ಒಂದೊಂದನ್ನೇ ಇಸ್ಪೀಟು ಹಂಚಿದಂತೆ ಹಂಚುತ್ತ ಬರುತ್ತಾರೆ. ಹುಡುಗಿ ಎರಡು ಮಸಾಲೆದೋಸೆ ತಿಂದಳು. ಎರಡನೆಯದಕ್ಕೆ ಅವಳು ಕೊಟ್ಟ ಕಾರಣ, ಮೊದಲನೆಯದನ್ನು ತಿನ್ನುವಾಗ ತಟ್ಟೆ ಹೊತ್ತವರನ್ನೇ ನೋಡುತ್ತಿದ್ದುದರಿಂದ ರುಚಿ ಗೊತ್ತಾಗಲಿಲ್ಲ ಎಂಬುದು.

ಮಧ್ಯಾಹ್ನದ ಹೊತ್ತನ್ನು ಸೂರಿನಡಿ, ಇಲ್ಲವೇ ಮರದಡಿ ಕಳೆಯಬೇಕು. ಸ್ನಾನ, ನಿದ್ದೆ ಮುಗಿಸಿ ಹನ್ನೊಂದರ ಹೊತ್ತಿಗೆ ಮೆಟ್ರೋದಲ್ಲಿ ಕಬ್ಬನ್ ಪಾರ್ಕಿಗೆ ಹೋದೆವು. ಶನಿವಾರ ಅಲ್ಲಿ ಮರಗಳ ಕೆಳಗೆ ಚಾಪೆ ಹಾಸಿಕೊಂಡು, ಯಾರೂ ಯಾರೊಂದಿಗೂ ಮಾತನಾಡದೆ ಪುಸ್ತಕ ಓದುವ ತರುಣ ತರುಣಿಯರ ಗುಂಪು ಇರುತ್ತದೆ. 'ಕಬ್ಬನ್ ರೀಡ್ಸ್' ಎಂಬ ಈ ರೂಢಿ 2023ರಲ್ಲಿ ಶುರುವಾಯಿತು. ನನ್ನ ಕಾಲದಲ್ಲಿ ಉದ್ಯಾನದಲ್ಲಿ ಪುಸ್ತಕ ಹಿಡಿದು ಕೂತವನನ್ನು ಪರೀಕ್ಷೆಯಲ್ಲಿ ಫೇಲಾದವನೆಂದು ಜನ ಅನುಕಂಪದಿಂದ ನೋಡುತ್ತಿದ್ದರು. ಹುಡುಗಿ ತನ್ನ ಚೀಲದಿಂದ ಪುಸ್ತಕ ತೆಗೆದು ಒಂದು ಮರದ ಬುಡದಲ್ಲಿ ಕೂತವಳು ಎರಡು ಗಂಟೆ ಏಳಲಿಲ್ಲ. ಅವಳ ಪಟ್ಟಿಯಲ್ಲಿದ್ದ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿತ್ತು. ರೈಟ್ ಸಹೋದರರ ವಿಮಾನದ ಮಾದರಿಯನ್ನು ಅರ್ಧ ಗಂಟೆಯಲ್ಲಿ ನೋಡಿ ಹೊರಟೆವು.

ಸಂಜೆಯ ಹೊತ್ತು ಲಾಲ್‌ಬಾಗಿನ ಬಂಡೆಗೆ. ಹೈದರಾಲಿ 1760ರಲ್ಲಿ ಶುರುಮಾಡಿದ ತೋಟವನ್ನೋ, 1889ರ ಕಾಲದ ಗಾಜಿನ ಮನೆಯನ್ನೋ ಹಳೆಯದೆಂದು ತೋರಿಸುವವರು, ಪಕ್ಕದ ಬಂಡೆ ಸುಮಾರು ಮುನ್ನೂರು ಕೋಟಿ ವರ್ಷದ್ದು ಎಂಬುದನ್ನು ಹೇಳಲು ಮರೆಯುತ್ತಾರೆ. ಕೆಂಪೇಗೌಡರ ಗೋಪುರದ ಬಳಿ ಕೂತರೆ ಹಗಲಿಡೀ ಕಾದ ಕಲ್ಲಿನ ಬಿಸಿ ಮೈಗೆ ಹತ್ತುತ್ತದೆ. ಸುತ್ತಲೂ ಕಾಲೇಜಿನ ಹುಡುಗರು ಮಲಗಿ ಮೊಬೈಲ್ ನೋಡುತ್ತಿರುತ್ತಾರೆ. ಅಲ್ಲಿಂದ ನಾವು ಬೇಗ ಏಳಬೇಕಾಯಿತು, ಏಕೆಂದರೆ ರಂಗಶಂಕರದಲ್ಲಿ ಏಳೂವರೆಗೆ ನಾಟಕವಿತ್ತು. ಶಂಕರ್ ನಾಗ್ ಅವರ ನೆನಪಿನಲ್ಲಿ 2004ರಲ್ಲಿ ತೆರೆದ ಈ ರಂಗಮಂದಿರದಲ್ಲಿ ಪ್ರದರ್ಶನ ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ. 'ಟ್ರಾಫಿಕ್ ಇತ್ತು' ಎಂದರೆ ಮದುವೆಮನೆಯಲ್ಲಿ ಕ್ಷಮೆಯುಂಟು, ಕಚೇರಿಯಲ್ಲೂ ಕ್ಷಮೆಯುಂಟು. ಈ ಊರಿನಲ್ಲಿ ಆ ಮಾತಿಗೆ ಬೆಲೆಯಿಲ್ಲದ ಬಾಗಿಲು ಅದೊಂದೇ ಇರಬೇಕು. ಏಳೂಕಾಲಕ್ಕೆ ತಲುಪಿ, ಏದುಸಿರು ಬಿಡುತ್ತ ಕೂತೆವು.

ಭಾನುವಾರ ಬೆಳಗನ್ನು ಅವಳ ಓದಿಗಾಗಿ ಮೀಸಲಿಟ್ಟಿದ್ದೆ. ಹಳದಿ ಮಾರ್ಗದ ಮೆಟ್ರೋ, ಆಮೇಲೆ ಆಟೋ ಹಿಡಿದು ಬೇಗೂರಿನ ನಾಗೇಶ್ವರ ದೇವಾಲಯಕ್ಕೆ ಹೋದೆವು. ಬೆಂದ ಕಾಳು ತಿಂದ ಬಲ್ಲಾಳರಾಯ ಈ ಊರಿಗೆ 'ಬೆಂದಕಾಳೂರು' ಎಂದು ಹೆಸರಿಟ್ಟ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದವರೇ. ಆ ಅರಸನಿಗಿಂತ ಎರಡು ಶತಮಾನಕ್ಕೂ ಹಿಂದೆ, ಸುಮಾರು ಕ್ರಿ.ಶ. 890ರಲ್ಲಿ ಕೆತ್ತಿದ್ದೆಂದು ಹೇಳುವ ಇಲ್ಲಿನ ಶಾಸನದಲ್ಲಿ 'ಬೆಂಗಳೂರು' ಎಂಬ ಹೆಸರು ಆಗಲೇ ಇದೆ. ಹುಡುಗಿ ಮಂಡಿಯೂರಿ, ಕಲ್ಲಿಗೆ ತಾಗದಂತೆ ಬೆರಳನ್ನು ಅಕ್ಷರಗಳ ಮೇಲೆ ಗಾಳಿಯಲ್ಲೇ ಆಡಿಸುತ್ತ, ಒಂದೊಂದಾಗಿ ಕೂಡಿಸಿ ಓದಿದಳು. ಅದು ಬೆಂಗಳೂರಿನ ಕಾಳಗದಲ್ಲಿ ಸತ್ತವನೊಬ್ಬನ ನೆನಪಿನ ಕಲ್ಲು.

"ಮಾಮ, ನಿಮ್ಮೂರಿನ ಹೆಸರು ಕಲ್ಲಿಗೆ ಬಿದ್ದದ್ದೇ ಜಗಳದ ಸುದ್ದಿಯಾಗಿ ನೋಡಿ" ಎಂದಳು. ಆ ಜಗಳ ಇಲ್ಲಿಂದ ಸ್ವಲ್ಪ ದೂರದ ಹೊಸೂರು ರಸ್ತೆಯಲ್ಲಿ ದಿನವೂ ಸಂಜೆ ಆರು ಗಂಟೆಗೆ ಮುಂದುವರಿಯುತ್ತದೆ ಎಂದು ನಾನು ತಿಳಿಸಿದೆ.

ಮಧ್ಯಾಹ್ನದ ಮೇಲೆ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಿಗೆ ಅವಳು ಒಬ್ಬಳೇ ಹೋಗಿ ಬಂದಳು. ರಾತ್ರಿ ಬಸ್ಸಿಗೆ ಕಾಯುತ್ತ ಮೆಜೆಸ್ಟಿಕ್ಕಿನಲ್ಲಿ ನಿಂತಿದ್ದಾಗ ಅಕ್ಕನ ಫೋನು ಬಂತು. ಏನೇನು ನೋಡಿದೆ, ಏನು ತಿಂದೆ, ಶೂ ಯಾಕೆ ಹಳದಿಯಾಗಿದೆ ಎಂಬ ವಿಚಾರಣೆಯೆಲ್ಲ ಮುಗಿದ ಮೇಲೆ, ಆ ಶಾಸನದ ಗುಡಿ ಮಾಮನ ಮನೆಯಿಂದ ಎಷ್ಟು ದೂರ ಎಂದು ಅಕ್ಕ ಕೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಭಾನುವಾರವಾದರೆ ಮುಕ್ಕಾಲು ಗಂಟೆ, ಅಮ್ಮ" ಎಂದಳು ಹುಡುಗಿ. "ಸೋಮವಾರದ್ದು ಗೊತ್ತಿಲ್ಲ."