ಮೂರು ಮೈಲಿಯವರೆಗೆ ಮಡಿ, ಆಚೆಗೆ ಮೈಲಿಗೆ

ಅಡುಗೆಮನೆಯೊಳಗೆ ಪೂರ್ತಿ ಮಡಿ, ಪಡಸಾಲೆಯಲ್ಲಿ ತುಸು ಸಡಿಲ, ಬೀದಿಗಿಳಿದ ಮೇಲೆ ಕೇಳುವವರಿಲ್ಲ ಎಂಬ ಮಡಿವಂತರ ಏರ್ಪಾಡನ್ನು ಕಂಡು ನಗುವವರು, ಎರಡು ಮಹಾಯುದ್ಧಗಳ ನಡುವಿನ ಅಮೆರಿಕದ ಹಡಗುಗಳ ಚರಿತ್ರೆಯನ್ನು ಒಮ್ಮೆ ಓದಬೇಕು. ಹೊಸ್ತಿಲನ್ನು ಕಲ್ಲಿನಲ್ಲೋ ಮರದಲ್ಲೋ ಕೂರಿಸುವುದು ನಮ್ಮ ಪದ್ಧತಿ. ಅದನ್ನು ಅಟ್ಲಾಂಟಿಕ್ ಸಾಗರದ ನೀರಿನ ಮೇಲೆ ಎಳೆದು, ಸುಪ್ರೀಂ ಕೋರ್ಟಿನಿಂದ ಹೌದೆನಿಸಿಕೊಂಡು, ಕೊನೆಗೆ ಅದಕ್ಕೆ ಚಕ್ರ ಜೋಡಿಸಿ ಹಡಗಿನ ವೇಗಕ್ಕೆ ತಕ್ಕಂತೆ ಹಿಂದೆ ಮುಂದೆ ಓಡಾಡಿಸಿದ ಕೀರ್ತಿ ಆ ದೇಶದ್ದು.

1920ರ ಜನವರಿ 17ರಿಂದ ಅಮೆರಿಕದಲ್ಲಿ ಪಾನನಿರೋಧ ಜಾರಿಗೆ ಬಂತು. ಮದ್ಯ ತಯಾರಿಸಬಾರದು, ಮಾರಬಾರದು, ಸಾಗಿಸಬಾರದು ಎಂದು ಸಂವಿಧಾನದಲ್ಲೇ ಬರೆದಾಯಿತು. ಆದರೆ ಮೊದಲ ಮಹಾಯುದ್ಧದ ಗಡಿಬಿಡಿಯಲ್ಲಿ ಕಟ್ಟಿಸಿದ ಹಾಗೂ ಜರ್ಮನಿಯಿಂದ ಕಿತ್ತುಕೊಂಡ ಹಡಗುಗಳಿಗೆ ಸರಕಾರವೇ ಯಜಮಾನನಾಗಿ ಕುಳಿತಿತ್ತು, ಮತ್ತು ಅವುಗಳ ಪೈಕಿ ಪ್ರಯಾಣಿಕರನ್ನು ಒಯ್ಯುವ ಹಡಗುಗಳಲ್ಲಿ ಮದ್ಯ ಮಾರಾಟವಾಗುತ್ತಿತ್ತು. ಊರೊಳಗೆ ಸೀಸೆ ಮಾರಿದವನನ್ನು ಜೈಲಿಗೆ ಕಳಿಸುವ ಕೈಯೇ ಕಡಲಿನಲ್ಲಿ ಸೀಸೆ ಮಾರಿ ಚಿಲ್ಲರೆ ಎಣಿಸುತ್ತಿತ್ತು. ಇದನ್ನು ಬಯಲಿಗೆಳೆದವರು ಪಾದ್ರಿಗಳಲ್ಲ, ಸೇಂಟ್ ಲೂಯಿಸ್‌ನ ಬಿಯರ್ ದೊರೆಗಳಾದ ಬುಷ್ ಮನೆತನದವರು. ತಮ್ಮ ವ್ಯಾಪಾರಕ್ಕೆ ಬೀಗ ಹಾಕಿದ ಸರಕಾರವೇ ಕಳ್ಳವ್ಯಾಪಾರಿಯಾಗಿದೆ ಎಂದು ಅವರು 1922ರಲ್ಲಿ ಅಧ್ಯಕ್ಷ ಹಾರ್ಡಿಂಗ್ ಅವರಿಗೆ ದೂರು ಬರೆದರು. ಧರ್ಮ ಕಾಯಲು ಕೊನೆಗೂ ಭಟ್ಟಿಯವರೇ ಬರಬೇಕಾಯಿತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಟಾರ್ನಿ ಜನರಲ್ ಡಾಹರ್ಟಿ ಅವರು ತಮ್ಮ ಅಭಿಪ್ರಾಯ ಹೊರಡಿಸಿದರು: ಅಮೆರಿಕದ ಬಾವುಟ ಹಾರುವ ಹಡಗು ಯಾವ ಸಾಗರದಲ್ಲಿದ್ದರೂ ಅಲ್ಲಿ ಮದ್ಯ ಕೂಡದು, ಪರದೇಶದ ಹಡಗೂ ಅಮೆರಿಕದ ದಡದಿಂದ ಮೂರು ಮೈಲಿಯೊಳಗೆ ಬಂದರೆ ಅದರಲ್ಲಿ, ಬೀಗ ಹಾಕಿಟ್ಟದ್ದೂ ಸೇರಿ, ಒಂದು ಹನಿಯೂ ಇರಕೂಡದು. ಹಡಗು ಕಂಪನಿಗಳು ಕೋರ್ಟಿಗೆ ಹೋದವು. ಎದುರುಕಕ್ಷಿಯಾಗಿ ನಿಂತವರು ಪಾನನಿರೋಧದ ಜಾರಿಯ ಹೊಣೆ ಹೊತ್ತ ಹಣಕಾಸು ಸಚಿವ ಆಂಡ್ರ್ಯೂ ಮೆಲನ್. ಇವರು ಓವರ್‌ಹೋಲ್ಟ್ ಎಂಬ ಹೆಸರಾಂತ ವಿಸ್ಕಿ ಭಟ್ಟಿಯಲ್ಲಿ ಪಾಲು ಹೊಂದಿದ್ದವರು ಎಂಬುದನ್ನು ಇಲ್ಲಿ ಹೇಳದೆ ಬಿಟ್ಟರೆ ಓದುಗರಿಗೆ ಮೋಸ ಮಾಡಿದಂತಾಗುತ್ತದೆ. 1923ರ ಏಪ್ರಿಲ್ 30ರಂದು ತೀರ್ಪು ಬಂತು. ಪರದೇಶದ ಹಡಗುಗಳ ಮಟ್ಟಿಗೆ ಮೂರು ಮೈಲಿಯ ನಿಷೇಧ ಸರಿ ಎಂದಿತು ಕೋರ್ಟು. ಆದರೆ ನಡುಸಮುದ್ರದಲ್ಲಿರುವ ಅಮೆರಿಕದ ಹಡಗು ಅಮೆರಿಕದ ನೆಲವಲ್ಲ, ಆದ್ದರಿಂದ ಅಲ್ಲಿ ಈ ನಿಷೇಧ ನಡೆಯದು ಎಂದೂ ಹೇಳಿತು. ಅಂದರೆ ಕುಡಿಸಲು ಬಯಸಿದ್ದವರಿಗೆ ಬೇಡವೆಂದೂ, ಬೇಡವೆಂದವರಿಗೆ ಬೇಕಾದರೆ ಕುಡಿಸಿ ಎಂದೂ ಆಜ್ಞೆಯಾಯಿತು.

ಇಲ್ಲಿ ಮೂವರು ಅಕ್ಕತಂಗಿಯರ ಕಥೆಯನ್ನು ಹೇಳಬೇಕು. ಇಂಪರೇಟರ್, ಫಾಟರ್‌ಲಾಂಡ್, ಬಿಸ್ಮಾರ್ಕ್ ಎಂಬ ಮೂರು ದೈತ್ಯ ಹಡಗುಗಳು ಹ್ಯಾಂಬರ್ಗ್‌ನಲ್ಲಿ ಹುಟ್ಟಿದವು. ಯುದ್ಧದ ಗಲಾಟೆಯಲ್ಲಿ ಮೂವರನ್ನೂ ಗೆದ್ದವರ ಮನೆಗೆ ಧಾರೆಯೆರೆದು ಕೊಡಲಾಯಿತು. ಹಿರಿಯಳು ಬೆರೆಂಗೇರಿಯಾ ಎಂದೂ ಕಿರಿಯಳು ಮೆಜೆಸ್ಟಿಕ್ ಎಂದೂ ಹೆಸರು ಬದಲಿಸಿಕೊಂಡು ಇಂಗ್ಲೆಂಡಿನ ಉಣ್ಣುವ ಕುಡಿಯುವ ಮನೆಗಳನ್ನು ಸೇರಿದರು. ನಡುವಿನವಳು ಮಾತ್ರ ಲೆವಿಯಾಥನ್ ಎಂಬ ಹೆಸರು ಹೊತ್ತು ಅಮೆರಿಕದ ಮಡಿಮನೆಗೆ ಬಿದ್ದಳು. ದುಬಾರಿ ದುರಸ್ತಿಯ ತರುವಾಯ ಅವಳು 1923ರ ಜುಲೈ 4ರಂದು, ಅಂದರೆ ಸ್ವಾತಂತ್ರ್ಯ ದಿನದಂದೇ, ನ್ಯೂಯಾರ್ಕಿನಿಂದ ಹೊರಟಳು. ಕೋರ್ಟು ಕುಡಿಸಬಹುದೆಂದಿದ್ದರೂ ಸರಕಾರ ತನ್ನ ಹಡಗನ್ನು ಒಣಗಿಸಿಯೇ ಇಟ್ಟಿತ್ತು. ಐದಾರು ದಿನ ಸುತ್ತ ನೀರಲ್ಲದೆ ಬೇರೇನೂ ಕಾಣದ ಜಾಗದಲ್ಲಿ ಒಳಗೂ ನೀರನ್ನೇ ಕುಡಿಸುವ ಈ ಮನೆಗೆ ಬರುವ ನೆಂಟರು ಎಷ್ಟು ಮಂದಿ? ಅಕ್ಕನ ಮನೆಗೋ ತಂಗಿಯ ಮನೆಗೋ ಹೋದರೆ ಅಷ್ಟೇ ದೊಡ್ಡ ಊಟದ ಕೋಣೆ, ಜೊತೆಗೆ ಶಾಂಪೇನ್. ಅಮೆರಿಕನ್ನರೇ ಬ್ರಿಟಿಷ್ ಹಡಗು ಹತ್ತಿದರು. ಲೆವಿಯಾಥನ್ ನಷ್ಟದ ಲೆಕ್ಕ ಬರೆಯುತ್ತ ಕುಳಿತಳು.

ಹಾಗೆಂದು ಬ್ರಿಟಿಷ್ ಹಡಗುಗಳ ಬಾಳು ಸುಗಮವೇನೂ ಆಗಿರಲಿಲ್ಲ. ಹಿಂದಿರುಗುವ ಪಯಣಕ್ಕೆ ಬೇಕಾದ ಮದ್ಯವನ್ನು ಕಪಾಟಿನಲ್ಲಿಟ್ಟು, ಬ್ರಿಟಿಷ್ ಸರಕಾರದ ಮುದ್ರೆ ಒತ್ತಿಸಿಕೊಂಡು ಬಾಲ್ಟಿಕ್ ಮತ್ತು ಬೆರೆಂಗೇರಿಯಾ ಹಡಗುಗಳು 1923ರ ಜೂನ್‌ನಲ್ಲಿ ನ್ಯೂಯಾರ್ಕಿಗೆ ಬಂದಾಗ, ಅಮೆರಿಕದ ಅಧಿಕಾರಿಗಳು ಹತ್ತಿ ಆ ಮುದ್ರೆಗಳನ್ನೇ ಒಡೆದು ಸೀಸೆಗಳನ್ನು ವಶಪಡಿಸಿಕೊಂಡರು. ಯಾರೂ ಕುಡಿಯದಂತೆ ಭದ್ರವಾಗಿ ಮುಚ್ಚಿದ್ದನ್ನು, ಯಾರೂ ಕುಡಿಯಬಾರದೆಂಬ ಕಾನೂನಿನ ರಕ್ಷಣೆಗಾಗಿ ತೆರೆಯಲಾಯಿತು.

ಈ ಜಗಳವನ್ನು ಬಗೆಹರಿಸಲು 1924ರ ಜನವರಿಯಲ್ಲಿ ಎರಡು ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಪುರಾಣದ ಶಿಖರವೇ ಅದು. ಮುದ್ರೆ ಹಾಕಿದ ಮದ್ಯವನ್ನು ಬಂದರಿನೊಳಗೆ ತರಲು ಅಮೆರಿಕ ಬಿಡಬೇಕು. ಬದಲಿಗೆ ಕಳ್ಳಸಾಗಣೆಯ ಶಂಕೆಯಿರುವ ಬ್ರಿಟಿಷ್ ಹಡಗುಗಳನ್ನು ಮೂರು ಮೈಲಿಯ ಆಚೆಗೂ ತಪಾಸಣೆ ಮಾಡಬಹುದು. ಆಚೆಗೆ ಎಂದರೆ ಎಷ್ಟು ದೂರ? ಆ ಶಂಕಿತ ಹಡಗು ಒಂದು ಗಂಟೆಯಲ್ಲಿ ಕ್ರಮಿಸಬಲ್ಲಷ್ಟು ದೂರ! ಹತ್ತು ನಾಟ್, ಅಂದರೆ ಗಂಟೆಗೆ ಹತ್ತು ನಾವಿಕ ಮೈಲಿ, ಓಡುವ ಸರಕಿನ ಹಡಗಿಗೆ ಕಾನೂನಿನ ಕೈ ಹತ್ತು ನಾವಿಕ ಮೈಲಿ ಉದ್ದ. ಇಪ್ಪತ್ತೈದು ನಾಟ್ ಓಡುವ ಮಾರಿಟೇನಿಯಾ ಎಂಬ ಪ್ರಯಾಣಿಕರ ಹಡಗಿಗೆ ಇಪ್ಪತ್ತೈದು ಮೈಲಿ. ಬಾಯ್ಲರಿನ ಕೊಳವೆ ಸೋರಿ ವೇಗ ಕುಸಿದರೆ ಅಮೆರಿಕವೂ ಅಷ್ಟರಮಟ್ಟಿಗೆ ಕುಗ್ಗಬೇಕು. ಹಡಗಿನ ತಳಕ್ಕೆ ಕಚ್ಚಿದ ಚಿಪ್ಪುಗಳನ್ನು ಕೆರೆಸಿ, ಬಣ್ಣ ಬಳಿಸಿಕೊಂಡು ಬಂದರೆ ಮತ್ತೆ ಹಿಗ್ಗಬೇಕು. ಹಡಗಿನ ಹೊಟ್ಟೆಯೊಳಗೆ ಬೆವರು ಸುರಿಸುತ್ತ ಕುಲುಮೆಗೆ ಕಲ್ಲಿದ್ದಲು ಎಸೆಯುವ ಬಡಪಾಯಿ, ತನ್ನ ಒಂದೊಂದು ಸಲಿಕೆಗೂ ಒಂದು ಸಾರ್ವಭೌಮ ರಾಷ್ಟ್ರದ ಎಲ್ಲೆಯನ್ನು ಒಂದಿಷ್ಟು ದೂಡುತ್ತಿದ್ದೇನೆಂದು ಅರಿತಿದ್ದನೋ ಇಲ್ಲವೋ. ದಡಕ್ಕೆ ಮಾಲು ಒಯ್ಯುವುದು ಬೇರೊಂದು ದೋಣಿಯಾದರೆ ಆ ದೋಣಿಯ ವೇಗವನ್ನು ಲೆಕ್ಕ ಹಿಡಿಯಬೇಕು ಎಂಬ ಉಪಕಲಮೂ ಇತ್ತು. ಪಂಚಾಂಗ ಬರೆಯುವವರೂ ಇಷ್ಟು ಸೂಕ್ಷ್ಮವಾಗಿ ಮುಹೂರ್ತ ಇಡುವುದಿಲ್ಲ.

ಸರಕಿನ ಹಡಗುಗಳಿಗೆ ಪಾನನಿರೋಧದಿಂದ ಸುಗ್ಗಿಯೇ ಬಂತು. ಬಹಾಮಾದ ನಸ್ಸಾವ್‌ಗೂ, ಕೆನಡಾದ ಪಕ್ಕದ ಸೇಂಟ್ ಪಿಯೆರ್ ಎಂಬ ಫ್ರೆಂಚ್ ನಡುಗಡ್ಡೆಗೂ ವಿಸ್ಕಿಯ ಪೆಟ್ಟಿಗೆಗಳು ಸಕ್ರಮ ಕಾಗದಪತ್ರಗಳ ಸಮೇತ ಬಂದಿಳಿಯುತ್ತಿದ್ದವು. ಆ ಪುಟ್ಟ ದ್ವೀಪದ ಬೆಸ್ತರಿಗೆ ಇದ್ದಕ್ಕಿದ್ದಂತೆ ಇಷ್ಟೊಂದು ಬಾಯಾರಿಕೆ ಏಕಾಯಿತೆಂದು ಯಾರೂ ಕೇಳಲಿಲ್ಲ. ಅಲ್ಲಿ ಸೀಸೆಗಳನ್ನು ಮರದ ಪೆಟ್ಟಿಗೆಯಿಂದ ತೆಗೆದು, ಹುಲ್ಲು ಸುತ್ತಿ, ಸದ್ದಾಗದಂತೆ ಗೋಣಿಯಲ್ಲಿ ಹೊಲಿದು ಮುಂದಕ್ಕೆ ಸಾಗಿಸುತ್ತಿದ್ದರು. ಉಳಿದ ಪೆಟ್ಟಿಗೆಗಳ ಹಲಗೆ ಒಲೆಗೂ ಗೋಡೆಗೂ ಒದಗಿತು.

ಇತ್ತ ಪ್ರಯಾಣಿಕರ ಹಡಗುಗಳನ್ನು ಕೈಹಿಡಿದದ್ದು, ವಿಚಿತ್ರವೆಂದರೆ, ಅದೇ ಅಮೆರಿಕದ ಇನ್ನೊಂದು ಕಾನೂನು. 1924ರ ವಲಸೆ ಕಾಯ್ದೆಯಿಂದ ಯುರೋಪಿನ ಬಡ ವಲಸಿಗರು ಬರುವುದು ತೀರ ಕಡಿಮೆಯಾಗಿ ಹಡಗುಗಳ ಕೆಳಅಂತಸ್ತು ಖಾಲಿ ಬಿತ್ತು. ಕಂಪನಿಗಳು ಅದನ್ನು ಉಜ್ಜಿ ತೊಳೆದು, ಹೊಸ ಹಾಸಿಗೆ ಹಾಕಿ, ‘ಟೂರಿಸ್ಟ್ ಥರ್ಡ್ ಕ್ಯಾಬಿನ್’ ಎಂದು ನಾಮಕರಣ ಮಾಡಿ ಅಮೆರಿಕದ ಮೇಷ್ಟರುಗಳಿಗೂ ವಿದ್ಯಾರ್ಥಿಗಳಿಗೂ ಮಾರಿದವು. ಒಳಗೆ ಬರುವ ಬಡವರನ್ನು ತಡೆದು, ಹೊರಗೆ ಹೋಗುವ ಬಾಯಾರಿದವರನ್ನು ಒದಗಿಸಿದ ಶಾಸನಸಭೆಗೆ ಕಂಪನಿಗಳು ಒಂದು ಸನ್ಮಾನವನ್ನಾದರೂ ಮಾಡಬಹುದಿತ್ತು. 1930ರ ದಶಕದ ಮುಗ್ಗಟ್ಟಿನಲ್ಲಿ ಅದೂ ಸಾಲದೆ ‘ಎಲ್ಲಿಗೂ ಹೋಗದ ಯಾನ’ ಆರಂಭವಾಯಿತು: ಹಡಗು ಹತ್ತುವುದು, ಗಡಿ ದಾಟುವುದು, ಬಾರ್ ತೆರೆಯುವುದು, ಸುತ್ತಾಡಿ ಅದೇ ಕಟ್ಟೆಗೆ ಬಂದಿಳಿಯುವುದು. ಕ್ಷೇತ್ರವಿಲ್ಲದೆ ಬರೀ ತೀರ್ಥವಿದ್ದ ಯಾತ್ರೆಯದು.

1929ರಲ್ಲಿ ಖಾಸಗಿಯವರ ಕೈಗೆ ಹೋದ ಮೇಲೆ ಲೆವಿಯಾಥನ್‌ಗೂ ಕಡಲ ನಡುವೆ ಮದ್ಯದ ಯೋಗ ಕೂಡಿಬಂತು, ಆದರೆ ಹೊತ್ತು ಮೀರಿತ್ತು. 1933ರ ಡಿಸೆಂಬರ್‌ನಲ್ಲಿ ಪಾನನಿರೋಧವೇ ರದ್ದಾಗಿ, ದಡದಲ್ಲೇ ಸಿಗುವುದಕ್ಕೆ ಸಮುದ್ರಕ್ಕೇಕೆ ಹೋಗಬೇಕೆಂಬಂತಾಯಿತು. ಮರುವರ್ಷ ಅವಳನ್ನು ಕಟ್ಟಿಹಾಕಿದರು. ಕೊನೆಗೆ ಗುಜರಿಗೆ ಮಾರಿದ ಮೇಲೆ, 1938ರಲ್ಲಿ, ಜೀವಮಾನದ ಬಹುಪಾಲು ಒಣಗಿಯೇ ಕಳೆದ ಆ ಹೆಂಗಸನ್ನು ಒಡೆದು ತುಂಡು ಮಾಡಲು ಒಯ್ದದ್ದು ಸ್ಕಾಟ್ಲೆಂಡಿನ ರೊಸೈತ್‌ಗೆ, ವಿಸ್ಕಿಯ ತವರಿಗೆ.