ಹಸಿರು ನೀರಿನ ಉಸ್ತುವಾರಿ

ಪುಣೆಯ ವಾಕಡದಲ್ಲಿರುವ ನಮ್ಮ ಸೊಸೈಟಿಯ ಈಜುಕೊಳವನ್ನು ದೀಪಾವಳಿ ಮುಗಿದೊಡನೆ ಮುಚ್ಚಿ, ಗುಡಿ ಪಾಡವಾದ ದಿನ, ಅಂದರೆ ನಮ್ಮ ಯುಗಾದಿಯಂದು, ತೆರೆಯುವುದು ವಾಡಿಕೆ. ಚಳಿಗಾಲವಿಡೀ ಅದರತ್ತ ಯಾರೂ ತಿರುಗಿ ನೋಡದಿರುವುದರಿಂದ ಮಾರ್ಚ್ ಹೊತ್ತಿಗೆ ನೀರು ನಮ್ಮ ಶಿರಸಿ ಕಡೆಯ ದೇವಸ್ಥಾನದ ಕೆರೆಯ ಬಣ್ಣಕ್ಕೆ ಬಂದಿರುತ್ತದೆ. ತಾವರೆ ಇಲ್ಲ ಎನ್ನುವುದಷ್ಟೇ ವ್ಯತ್ಯಾಸ. ಈ ವರ್ಷ ಗುತ್ತಿಗೆದಾರರು ಕೇಳಿದ ಮೊತ್ತಕ್ಕೆ ಬೆಚ್ಚಿದ ಕಮಿಟಿಯು ಆ ಕೆಲಸವನ್ನು ನಮ್ಮೊಳಗೇ ಯಾರಾದರೂ ಮಾಡಬೇಕೆಂದು ತೀರ್ಮಾನಿಸಿತು. ಅದೇ ಸಭೆಯಲ್ಲಿ, ಚಹಾ ಬರುವುದು ತಡವಾದ ಕಾರಣಕ್ಕೆ, ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣವನ್ನು ಕದಡುತ್ತಲೇ ಬೆಳೆದವನು ನಾನೆಂದು ಹೇಳಿಕೊಂಡಿದ್ದೆ. 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಹುಳಿ ಉಳಿದಿದೆಯೇ ಎಂದು ತಿಳಿಯಲು ಕತ್ತಿ ಅದ್ದಿ ನೋಡುವುದು, ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೆರೆಸುವುದು. ಈ ವಿವರಣೆ ಮುಗಿಯುವಷ್ಟರಲ್ಲಿ ಚಹಾವೂ ಬಂತು, ಕೊಳವೂ ನನ್ನ ಪಾಲಿಗೆ ಬಂತು.

ನನಗೆ ಗೊತ್ತಿದ್ದ ಏಕೈಕ ಔಷಧಿಯಾದ ಮೈಲುತುತ್ತವನ್ನೇ ಕಮಿಟಿ ಮೊದಲು ನಿಷೇಧಿಸಿತು. ಕಳೆದ ವರ್ಷ ಪಾಚಿ ಕೊಲ್ಲಲೆಂದು ಯಾರೋ ಅದನ್ನು ಧಾರಾಳವಾಗಿ ಸುರಿದುದರಿಂದ, ದಿನವೂ ಬೆಳಗ್ಗೆ ಈಜುವ ಹಿರಿಯರೊಬ್ಬರ ಬೆಳ್ಳಿಗೂದಲು ಎಳೆಹಸಿರಿಗೆ ತಿರುಗಿತ್ತಂತೆ. ನೀರಿನಲ್ಲಿರುವ ತಾಮ್ರ ಕೂದಲಿಗೆ ಅಂಟುವುದು ನಿಜವಾದ್ದರಿಂದ ನಾನು ವಾದಿಸಲಿಲ್ಲ.

ನಮ್ಮ ಕೊಳ 15 ಮೀಟರ್ ಉದ್ದ, 8 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳವಿದ್ದು, 1,44,000 ಲೀಟರ್ ನೀರು ಹಿಡಿಯುತ್ತದೆ. ಮೊದಲು ಸರಿಪಡಿಸಬೇಕಾದದ್ದು ಕ್ಷಾರೀಯತೆಯನ್ನು, ಅಂದರೆ ಹುಳಿ ಬಿದ್ದರೂ ತಡೆದುಕೊಳ್ಳುವ ನೀರಿನ ಶಕ್ತಿಯನ್ನು. ಅದು 80ರಿಂದ 120 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ಒಳಗಿದ್ದರೆ, ನೀರು ಹುಳಿಯೋ ಕ್ಷಾರವೋ ಎಂದು ಹೇಳುವ ಪಿಎಚ್ ಎಂಬ ತುಂಟ ಮಗು ಹಿರಿಯರ ಕಣ್ಣೆದುರು ಕೂತಂತೆ ತೆಪ್ಪಗಿರುತ್ತದೆ. ನಮ್ಮದು 60ಕ್ಕೆ ಇಳಿದಿತ್ತು. ಅದನ್ನು 90ಕ್ಕೆ ಏರಿಸಲು 7 ಕಿಲೋಗೂ ಮಿಕ್ಕಿ ಅಡುಗೆ ಸೋಡಾ ಬೇಕೆಂದು ಲೆಕ್ಕ ಹಾಕಿ ಕಿರಾಣಿ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ವಡಾಪಾವ್ ಗಾಡಿ ಎಲ್ಲಿ ಹಾಕುತ್ತಿದ್ದೀರಿ ಕಾಕಾ ಎಂದು ಮರಾಠಿಯಲ್ಲಿ ವಿಚಾರಿಸಿದ. ಬಿಳಿಯ ಪುಡಿಯನ್ನು ಕೊಳದ ಸುತ್ತ ತಿರುಗುತ್ತ ಉದುರಿಸುತ್ತಿದ್ದಾಗ, ಎರಡನೆಯ ಮಹಡಿಯಲ್ಲಿರುವ ಧಾರವಾಡದ ಅಕ್ಕನವರು ಬಾಲ್ಕನಿಯಿಂದಲೇ, “ಏನ್ರೀ ಸರ, ಕೊಳಕ್ಕ ಭಜಿ ಹಿಟ್ಟು ಕಲಸಲಿಕ್ಕತ್ತೀರೇನು?” ಎಂದು ಕೇಳಿದರು. ಉತ್ತರಿಸಲು ಬಾಯಿ ತೆರೆದೆ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು.

ಸೋಡಾದಿಂದ ಪಿಎಚ್ ಕೂಡ 8ಕ್ಕೆ ಏರಿತು. 7.5ರಲ್ಲಿ ಸುಮಾರು ಅರ್ಧದಷ್ಟು ಕ್ಲೋರಿನ್ ಪಾಚಿಯನ್ನು ಕೊಲ್ಲಬಲ್ಲ ರೂಪದಲ್ಲಿದ್ದರೆ, 8ರಲ್ಲಿ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಆ್ಯಸಿಡ್ ಹಾಕಿ ಇಳಿಸಿದೆವು. ಆ್ಯಸಿಡ್ ಮತ್ತು ಕ್ಲೋರಿನ್ ಡಬ್ಬಿಗಳು ಒಂದನ್ನೊಂದು ನೋಡಲೂಬಾರದು, ಬೆರೆತರೆ ವಿಷಾನಿಲ ಏಳುತ್ತದೆ ಎಂದು, ಕೊಳ ತೊಳೆಯಲು ಬರುವ ಹುಡುಗ ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟಿದ್ದ. ನಮ್ಮಿಬ್ಬರಲ್ಲಿ ರಸಾಯನಶಾಸ್ತ್ರ ಓದಿದವನು ನಾನು, ಬಲ್ಲವನು ಅವನು ಎಂಬುದು ಅಂದೇ ಗೊತ್ತಾಗಬೇಕಿತ್ತು.

ಪಾಚಿ ಕೊಲ್ಲಲು ಕ್ಲೋರಿನ್ 10 ಪಿಪಿಎಂ ಮುಟ್ಟಬೇಕೆಂದು, ನೀಲಿ ಕ್ಯಾನಿನಿಂದ 15 ಲೀಟರ್ ದ್ರವ ಕ್ಲೋರಿನ್ ಸುರಿದೆ. ನನ್ನ ಕಚೇರಿಯ ಕಪ್ಪು ಪ್ಯಾಂಟಿನ ಮೇಲೆ ಬಿಳಿಯ ನಕ್ಷತ್ರಗಳು ಮೂಡಿದ್ದು ಆಗಲೇ. ಮರುದಿನ ಗಾಜಿನ ಕೊಳವೆಯಲ್ಲಿ ನೀರು ತುಂಬಿ, ಪರೀಕ್ಷೆಯ ಗುಳಿಗೆ ಹಾಕಿ ಅಲುಗಾಡಿಸಿದೆ. ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣ ಬರಬೇಕು, ಏನೂ ಬರಲಿಲ್ಲ. ಪಾಚಿಯೇ ಎಲ್ಲವನ್ನೂ ನುಂಗಿತ್ತು. ಮತ್ತೆ ಸುರಿದೆ, ಮತ್ತೆ ಗುಲಾಬಿ ಇಲ್ಲ. ಮೂರನೆಯ ದಿನ, ನಾಲ್ಕನೆಯ ದಿನವೂ ಹಟ ಹಿಡಿದು ಸುರಿದೆ. ಅಷ್ಟರಲ್ಲಿ ಕೊಳದ ತಳದ ನೀಲಿ ಹೆಂಚುಗಳು ಸ್ಪಷ್ಟವಾಗಿ ಕಾಣುತ್ತಿದ್ದವು, ಆದರೆ ಕೊಳವೆ ಮಾತ್ರ ಗಂಗಾಜಲದಂತೆ ನಿರ್ಮಲವಾಗಿಯೇ ಇತ್ತು. ಐದನೆಯ ದಿನ ಕ್ಯಾನ್ ಎತ್ತಿದಾಗ ಹುಡುಗ ನನ್ನ ಕೈ ಹಿಡಿದು ನಿಲ್ಲಿಸಿ, ಒಂದು ಪಾಲು ಕೊಳದ ನೀರಿಗೆ ಒಂಬತ್ತು ಪಾಲು ಶುದ್ಧ ನೀರು ಬೆರೆಸಿ ಅದೇ ಗುಳಿಗೆ ಹಾಕಿದ. ಕೊಳವೆ ಝಗ್ಗನೆ ಗುಲಾಬಿಯಾಯಿತು. ಬಣ್ಣದ ಪಟ್ಟಿಗೆ ಹಿಡಿದರೆ 3. ಅಂದರೆ ಕೊಳದಲ್ಲಿ 30. ಕ್ಲೋರಿನ್ ಮಿತಿ ಮೀರಿದರೆ ಪರೀಕ್ಷೆಯ ಬಣ್ಣವನ್ನೇ ಬಿಳಿಚಿಬಿಡುತ್ತದಂತೆ. ಮೊದಲ ದಿನದ ಬಣ್ಣವಿಲ್ಲದ ನೀರು ಉಪವಾಸದ್ದು, ನಾಲ್ಕನೆಯ ದಿನದ್ದು ಅಜೀರ್ಣದ್ದು. ಮುಖ ನೋಡಿದರೆ ಎರಡೂ ಒಂದೇ. ನಮ್ಮೂರ ಕತ್ತಿ ಇಂಥ ಮೋಸವನ್ನು ಎಂದೂ ಮಾಡಿದ್ದಿಲ್ಲ.

ಪಾಡವಾದ ಬೆಳಗ್ಗೆ ಮನೆಮನೆಗಳ ಕಿಟಕಿಯಲ್ಲಿ ಬಟ್ಟೆ, ತಂಬಿಗೆ ಕಟ್ಟಿದ ಗುಡಿ ಕೋಲುಗಳು ಏರಿದ್ದವು. ಕೊಳದ ಗೇಟಿನ ಮುಂದೆ ಈಜುಟೋಪಿ ಧರಿಸಿದ ಮಕ್ಕಳ ಸಾಲು ನಿಂತಿತ್ತು. ಗೇಟಿಗೆ ನಾನು ಬೀಗ ಹಾಕಿದ್ದೆ. ಇಷ್ಟು ತಿಳಿಯಾದ ನೀರಿಗೆ ಮಕ್ಕಳನ್ನು ಏಕೆ ಬಿಡುತ್ತಿಲ್ಲವೆಂದು ವಿವರಿಸುವುದು, ಹಸಿರು ನೀರಿಗೆ ಏಕೆ ಬಿಡುತ್ತಿಲ್ಲವೆಂದು ವಿವರಿಸುವುದಕ್ಕಿಂತ ಬಹಳ ಕಷ್ಟ. ಗುಳಿಗೆಗಳ ರೂಪದ ಕ್ಲೋರಿನ್‌ನಲ್ಲಿ ಸಾಮಾನ್ಯವಾಗಿ, ಬಿಸಿಲಿಗೆ ಕ್ಲೋರಿನ್ ನಾಶವಾಗದಂತೆ ತಡೆಯುವ ಸಯನೂರಿಕ್ ಆಮ್ಲ ಇರುತ್ತದೆ. ನಾನು ಸುರಿದ ದ್ರವದಲ್ಲಿ ಅದಿಲ್ಲದ್ದು ನನ್ನ ಪುಣ್ಯ. ಪುಣೆಯ ಬಿಸಿಲು ನಾಲ್ಕು ದಿನಗಳಲ್ಲಿ ನನ್ನ ತಪ್ಪನ್ನೆಲ್ಲ ಆವಿ ಮಾಡಿತು.

ಬೀಗ ತೆಗೆಯುವ ಮುನ್ನ ಕೊನೆಯ ಬಾರಿ ಪರೀಕ್ಷಿಸಿದಾಗ ಕ್ಲೋರಿನ್ 2, ಪಿಎಚ್ 7.4. ಆ ತಿಳಿಗುಲಾಬಿ ಕೊಳವೆಯ ಫೋಟೋ ತೆಗೆದು ಹೆಮ್ಮೆಯಿಂದ ಊರಿಗೆ ವಾಟ್ಸಾಪ್ ಮಾಡಿದೆ. ಎರಡೇ ನಿಮಿಷದಲ್ಲಿ ಅಮ್ಮನ ಫೋನ್ ಬಂತು: “ಮುರುಗಲು ಪಾನಕ ರಾಶಿ ತೆಳು ಆಯ್ದು ತಮಾ, ಇನ್ನೊಂಚೂರು ಹಾಕು.”