ಎಸ್‌ಜಿಪಿಟಿ ಪಾಪ ಏನು ಮಾಡಿತ್ರೀ?

ಸಂಜೆ ಪಿ.ಜೆ. ಬಡಾವಣೆಯ ಒಂದು ಲ್ಯಾಬ್ ಮುಂದೆ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಯಜಮಾನರು. ಅವರ ಕೈಯಲ್ಲಿದ್ದ ರಿಪೋರ್ಟಿನಲ್ಲಿ ಲಿವರ್ ಪರೀಕ್ಷೆಯ ಎಸ್‌ಜಿಪಿಟಿ 62, ಎದುರಿಗೆ ಮೇಲ್ಮುಖದ ಒಂದು ಕಪ್ಪು ಬಾಣ. ಮಗ ಆಗಲೇ ಫೋನಿನಲ್ಲಿ, "ಅಕ್ಕಾ, ಅಪ್ಪಾಜಿ ಲಿವರ್ ಹೋಗೈತಂತೆ. ನಾಳಿಂದ ಬೆಣ್ಣೆ ದೋಸೆ ಬಂದ್. ಆ ಸೊಪ್ಪಿನ ರಸ ಕೊಡೋರ ನಂಬರ್ ಕಳ್ಸು" ಅನ್ನುತ್ತಿದ್ದ.

ಅಲ್ರೀ, ಎಸ್‌ಜಿಪಿಟಿ ಅನ್ನುವುದು ಕಾಯಿಲೆ ಅಲ್ಲ, ವಿಷವೂ ಅಲ್ಲ. ನಮ್ಮೆಲ್ಲರ ಲಿವರ್‌ನಲ್ಲಿರುವ ಕಿಣ್ವ ಅದು. ಅಲನಿನ್ ಎಂಬ ಅಮೈನೋ ಆಮ್ಲದಿಂದ ಸಾರಜನಕದ ಭಾಗವನ್ನು ಬಿಡಿಸಿ ಬೇರೆಯದಕ್ಕೆ ದಾಟಿಸುತ್ತದೆ. ಬಿ6 ವಿಟಮಿನ್ ಇಲ್ಲದೆ ಈ ಕೆಲಸ ನಡೆಯುವುದಿಲ್ಲ. ಉಳಿಯುವ ಪೈರುವೇಟ್ ಎಂಬ ವಸ್ತುವಿನಿಂದ ಲಿವರ್ ಸಕ್ಕರೆ ತಯಾರಿಸುತ್ತದೆ. ಶಿವರಾತ್ರಿಗೆ ಉಪವಾಸವಿದ್ದು ಜಾಗರಣೆ ಮಾಡುತ್ತೀರಲ್ಲ, ಆಗ ಸ್ನಾಯುಗಳಿಂದ ಬಂದ ಅಲನಿನ್ ಹೀಗೇ ಸಕ್ಕರೆಯಾಗುತ್ತದೆ. ನಾನು ಈ ಕಿಣ್ವ ಹಿಡಿದರೆ ಬೆಲ್ ಆದರೂ ಕ್ಲಾಸ್ ಬಿಡುವುದಿಲ್ಲ ಅಂತ ಹಳೇ ಸ್ಟೂಡೆಂಟ್ಸ್‌ಗೆ ಗೊತ್ತು, ಇರಲಿ.

ಲಿವರ್‌ನ ಜೀವಕೋಶಕ್ಕೆ ಪೆಟ್ಟಾದಾಗ ಇದು ರಕ್ತಕ್ಕೆ ಸೋರುತ್ತದೆ. 1950ರ ದಶಕದಿಂದ ಡಾಕ್ಟರುಗಳು ಅದನ್ನೇ ಅಳೆಯುತ್ತಿದ್ದಾರೆ. ಸೋರಿದೆ ಅಂತ ಗೊತ್ತಾಗುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ. ಫ್ಯಾಟಿ ಲಿವರ್ (ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳುವುದು) ಇರಬಹುದು, ಕುಡಿತ ಇರಬಹುದು, ಯಾವುದೋ ಮಾತ್ರೆ ಇರಬಹುದು, ಜಿಮ್‌ನಲ್ಲಿ ಜಾಸ್ತಿ ಮೈ ದಂಡಿಸಿದ್ದೂ ಇರಬಹುದು, ಸ್ನಾಯುಗಳಲ್ಲೂ ಇದು ಸ್ವಲ್ಪ ಇರುತ್ತದಲ್ಲ. ಜೋರು ಹೆಪಟೈಟಿಸ್ (ಲಿವರ್‌ನ ಉರಿಯೂತ) ಆದರೆ ಸಾವಿರ ದಾಟಬಹುದು. ಅತ್ತ ಸಿರೋಸಿಸ್ ಆಗಿ ಲಿವರ್ ಗಾಯದ ಕಲೆಗಳಿಂದ ಗಟ್ಟಿಯಾದವರಲ್ಲೂ ಎಷ್ಟೋ ಸಲ ನಾರ್ಮಲ್ ಬಂದಿರುತ್ತದೆ. 62 ನೋಡಿ 'ಲಿವರ್ ಹೋಯ್ತು' ಅನ್ನುವುದು ಯಾವ ಲೆಕ್ಕ?

ಹೆದರಿಕೆಯಿಂದಾದರೂ ಕುಡಿತ ಬಿಡುತ್ತಾರಲ್ಲ ಅಂತೀರಾ? ಬಿಟ್ಟರೆ ಸಂತೋಷ. ಆದರೆ ಇವರು ಬಿಡುವುದು ದೋಸೆ, ಹಿಡಿಯುವುದು ಸೊಪ್ಪಿನ ರಸ! ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಕೆಡಿಸಿಕೊಂಡವರ ಬಗ್ಗೆ ಮುಂಬೈ ವೈದ್ಯರು 2021ರಲ್ಲೇ ಬರೆದಿದ್ದರು. ಯಾರಿಗೆ ಬೇಕು ಅದು? 'ನ್ಯಾಚುರಲ್' ಅಂದರೆ ಮುಗಿಯಿತು.

ನಿಜ ಹೇಳಲಾ? ನನಗೂ ಫ್ಯಾಟಿ ಲಿವರ್ ಇದೆ, ಗ್ರೇಡ್ 1, ಅಂದರೆ ಮೊದಲ ಹಂತ. ತೂಕ ಇಳಿಸಿದರೆ ಇಳಿಯುತ್ತದೆ, ಬೆಣ್ಣೆ ಕಮ್ಮಿ ಮಾಡಬೇಕು, ಅದೂ ಗೊತ್ತು. ಮನೆಯಲ್ಲಿ ನನ್ನ ತಟ್ಟೆಗೆ ಕಾವಲು ಬಿದ್ದಿದೆ. ಈ ಸಿಟ್ಟಿನಲ್ಲಿ ಅದರ ಪಾಲೂ ಇರಬಹುದು.

ರಿಪೋರ್ಟ್ ತೆಗೆದುಕೊಂಡು ಡಾಕ್ಟರ್ ಹತ್ತಿರ ಹೋಗಿ, ನನ್ನ ಇನ್‌ಬಾಕ್ಸಿಗೆ ಬರಬೇಡಿ. ಕಮೆಂಟಿನಲ್ಲಿ ಯಾರಾದರೂ ಕಷಾಯದ ರೆಸಿಪಿ ಹಾಕಿದರೆ ಡಿಲೀಟ್ ಮಾಡುತ್ತೇನೆ. ಸೋದರತ್ತೆ, ನಿಮಗೂ ಸೇರಿಸಿಯೇ ಹೇಳಿದ್ದು.